ಹುಣಸೆಮರದ ಮಂಚಿ ಬಾಣಂತಿಯನ್ನು ಕೇಳಿದ ಮಾತು

ಒಂದೂರು. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಗೊಂದು ಹುಣಸೆಮರ ಇತ್ತಂತೆ. ಆ ಮರದಲ್ಲಿ ಮಂಚಿ ಅನ್ನುವ ದೆವ್ವ ಇತ್ತಂತೆ. ದೆವ್ವ ಅಂದ ಕೂಡಲೇ ಎದ್ದು ಓಡಬೇಡಿ, ಪಾಪದ ದೆವ್ವ ಅದು. ಏಳು ತಲೆಮಾರಿನ ಹಿಂದೆ ಬಾಣಂತಿಯಾಗಿದ್ದಾಗಲೇ ಸತ್ತವಳು. ಪಾದ ಹಿಂದುಮುಂದಾಗಿದ್ದವು, ಮೈ ಬಾವಿನೀರಿನ ಹಾಗೆ ತಣ್ಣಗಿತ್ತು, ಅಷ್ಟೇ. ಹುಣಸೆಕಾಯಿ ಚೀಪಿಕೊಂಡು, ಯಾರ ತಂಟೆಗೂ ಹೋಗದೆ ಇದ್ದಳಂತೆ.

ಒಂದು ದಿನ ನಡುಮಧ್ಯಾಹ್ನ ಮಂತ್ರವಾದಿಯೊಬ್ಬ ಮರದ ಕೆಳಗೆ ನಿಂತು, "ಮೊಗಣ್ಣನ ಹೆಂಡ್ರು ಚಿಕ್ಕತಾಯಿನ ಹಿಡ್ದಿರೋದು ಈ ಮರದ ದೆವ್ವವೇ. ಅಮಾಸೆಗೆ ಬಂದು ಬೇವಿನ ಬರಲಲ್ಲಿ ಹೊಡ್ದು ಬಿಡಿಸ್ತೀನಿ" ಅಂದನಂತೆ.

ಮಂಚಿಗೆ ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳಿಂದ ಕೊಂಬೆ ಬಿಟ್ಟು ಇಳಿದಿಲ್ಲ, ಕೂತಲ್ಲೇ ಕೂತವಳ ಮೇಲೆ ಇದೆಂಥ ಅಪವಾದ? ನೋಡಿಯೇ ಬಿಡೋಣ ಅಂತ ಮುದುಕಿಯ ವೇಷ ಹಾಕಿ, ಪಾದ ಕಾಣದ ಹಾಗೆ ಸೀರೆ ಇಳಿಬಿಟ್ಟು, ಮೊಗಣ್ಣನ ಮನೆಗೆ ಹೋದಳಂತೆ. "ನಾನು ಚಿಕ್ಕತಾಯಿ ತೌರಿನ ಕಡೆ ದೊಡ್ಡವ್ವ ಕಣವ್ವ" ಅಂದಳು. ಅತ್ತೆ ನಿಂಗಾಜಮ್ಮ ಒಳಗೆ ಕರೆದಳು.

ಒಳಗೆ ನೋಡಿದರೆ, ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಒಂದು ಬೊಗಸೆಯಷ್ಟು ಅದರ ಮೈ. ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿದ್ದರು. ಚಿಕ್ಕತಾಯಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಮಾತಿಲ್ಲ, ಅಳುವಿಲ್ಲ.

ಪಕ್ಕದ ಮನೆಯವಳು ಬಂದಳು. "ಕೂಸು ಹೆಂಗದೆ?" ಅಂದಳು, ಹೋದಳು. ಬಳೆಗಾರ್ತಿ ಬಂದಳು. "ಕೂಸು ಹೆಂಗದೆ?" ಅಂದಳು, ಹೋದಳು. ಸೂಲಗಿತ್ತಿ ಬಂದಳು. "ಕೂಸು ಹೆಂಗದೆ? ಮುಟ್ಟಕ್ಕೂ ಒಲ್ಲಳಲ್ಲ, ಇವಳೆಂಥ ತಾಯಿ?" ಅಂದಳು, ಅವಳೂ ಹೋದಳು.

ಎಲ್ಲರೂ ಹೋದ ಮೇಲೆ ಮಂಚಿ ಹತ್ತಿರ ಸರಿದು ಕೇಳಿದಳಂತೆ, "ನೀನು ಹೆಂಗಿದೀಯೆ, ಮಗ?"

ಚಿಕ್ಕತಾಯಿ ತಿರುಗಿ ನೋಡಿದಳು. ಹೆತ್ತ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು: "ಕೂಸ ನೋಡುದ್ರೆ ನಂಗೆ ಏನೂ ಅನ್ನಿಸದೇ ಇಲ್ಲ, ದೊಡ್ಡವ್ವ. ಹೊಟ್ಟೇಲಿ ಇಟ್ಕೊಳಕ್ಕೇ ಆಗ್ಲಿಲ್ಲ ನನ್ ಕೈಲಿ. ಈಗ ಮುಟ್ಟುದ್ರೆ ಇನ್ನೇನಾಯ್ತದೋ ಅಂತ ಭಯ. ಕಣ್ಣು ಮುಚ್ಚುದ್ರೂ ನಿದ್ದೆ ಬರಕಿಲ್ಲ."

ಮಂಚಿಯೂ ಬಾಣಂತಿಯಾಗಿದ್ದಾಗ ಹೀಗೇ ಗೋಡೆ ನೋಡಿಕೊಂಡು ಕೂತಿದ್ದವಳು. ಅವಳನ್ನು ಯಾರೂ ಕೇಳಿರಲಿಲ್ಲ. "ನಿಂದೇನೂ ತಪ್ಪಿಲ್ಲ ಕಣವ್ವ. ಇದು ಇಳಿದೋಯ್ತದೆ. ಅಲ್ಲೀಗಂಟ ನಾವಿದೀವಿ" ಅಂದಳು.

ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ತಣ್ಣನೆಯ ಬೆರಳು ತಾಗಿದ್ದೇ ತಡ, ಕೂಸು ನಡುಗಿತು. ದೆವ್ವದ ಕೈಲಿ ಏನು ಬೇಕಾದರೂ ಆಗುತ್ತದೆ, ಬೆಚ್ಚಗಿಡುವುದೊಂದು ಆಗುವುದಿಲ್ಲ. ಪೆಚ್ಚಾಗಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂಗಿದಳು, "ಮೊಗಣ್ಣ, ಬಾ ಇಲ್ಲಿ. ಅಂಗಿ ಬಿಚ್ಚು."

"ಯಾಕವ್ವಾ?" ಅಂದ ಮೊಗಣ್ಣ, ಗಾಬರಿಯಾಗಿ.

"ಇನ್ನೆರಡು ತಿಂಗಳು ಹೊಟ್ಟೇಲಿ ಇರಬೇಕಾಗಿದ್ದ ಕೂಸಿದು. ಮೊರಕ್ಕೆ ಮೈಶಾಖ ಅದಾ?"

ನಿಂಗಾಜಮ್ಮ ಕೂಸನ್ನು ಮಗನ ಎದೆಗೆ ಒರಗಿಸಿ ಪಂಚೆಯಲ್ಲಿ ಕಟ್ಟಿದಳು. ನೇಗಿಲು ಹಿಡಿಯುವ ಗಂಡಸು ಉಸಿರೂ ಜೋರಾಗಿ ಬಿಡದೆ ಕೂತ. ಅವನು ಎದ್ದರೆ ನಿಂಗಾಜಮ್ಮನ ಸರದಿ. ಮಂಚಿ ನೀರು ಸೇದಿದಳು, ರಾಗಿ ಬೀಸಿದಳು, ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ ಬಾಣಂತಿಗೆ ಉಣ್ಣಿಸಿದಳು. ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕೂಸಿಗೆ ಹಾಕಿಸಿದಳು. ಚಿಕ್ಕತಾಯಿ ಮಲಗಿದರೆ ಬಾಗಿಲಿಗೆ ಅಡ್ಡ ಕೂತು, ಬಂದವರನ್ನೆಲ್ಲ ಅತ್ತಲೇ ಅಟ್ಟಿದಳು.

ಒಂದು ವಾರ ಆಯಿತು, ಚಿಕ್ಕತಾಯಿಗೆ ನಿದ್ದೆ ಬಂತು. ಎರಡು ವಾರ ಆಯಿತು, ಅಳು ಬಂತು. ಯಾರೂ ಸುಮ್ಮನಿರು ಅನ್ನಲಿಲ್ಲ. ಮೂರನೇ ವಾರ ಅತ್ತೆಯ ಎದೆಯ ಮೇಲಿದ್ದ ಕೂಸಿನ ಬೆನ್ನಿಗೆ ಒಂದು ಬೆರಳು ತಾಗಿಸಿ ನೋಡಿದಳು. ಮತ್ತೆ ಎರಡು ದಿನಕ್ಕೆ, "ತಾ ಅತ್ತೆ, ಇಲ್ಲಿ" ಅಂದು ಎದೆಗೆ ಕಟ್ಟಿಕೊಂಡಳು. ಕೂಸು ಅಮ್ಮನ ಮೈವಾಸನೆಗೆ ಮೂತಿ ಒತ್ತಿ ನಿದ್ದೆಹೋಯಿತಂತೆ.

ಅಮಾವಾಸ್ಯೆ ಬಂತು, ಮಂತ್ರವಾದಿಯೂ ಬಂದ. ಒಂದು ಕೈಲಿ ಬೇವಿನ ಬರಲು, ಒಂದು ಕೈಲಿ ಕರಿಕೋಳಿ. ಮಂಚಿ ಬಾಗಿಲಲ್ಲಿ ನಿಂತು ಸೀರೆಯನ್ನು ಒಂದು ಗೇಣು ಮೇಲೆತ್ತಿ, "ಯಾವ ದೆವ್ವ ಬಿಡಿಸ್ತೀಯಪ್ಪ?" ಅಂದಳು. ಪಾದ ನೋಡಿದವನು ಕೆರೆ ಏರಿ ದಾಟಿದ ಮೇಲೇ ಉಸಿರು ಬಿಟ್ಟಿದ್ದಂತೆ. ಕೋಳಿ ಮಾತ್ರ ಇಲ್ಲೇ ಉಳಿಯಿತು, ಮೊಟ್ಟೆ ಇಡುತ್ತಾ.

ಇನ್ನು ತನ್ನ ಕೆಲಸ ಮುಗಿಯಿತು ಅಂತ ಮಂಚಿ ಹೊರಟಳು. ಆಗ ಚಿಕ್ಕತಾಯಿ ಕೇಳಿದಳು, "ದೊಡ್ಡವ್ವ, ನೀನು ಉಂಡ್ಯಾ?"

ಮಂಚಿ ಅಲ್ಲೇ ನಿಂತಳು. "ನನ್ನ ಪಾದ ನೋಡಿದ್ಯೇನೇ?"

"ಬಂದ ದಿನವೇ ನೋಡ್ದೆ. ನಮ್ಮವ್ವಂಗೆ ಅಕ್ಕನೂ ಇಲ್ಲ. ನನ್ನ ಕೇಳ್ದೋಳು ನೀನೊಬ್ಬಳೇ, ಪಾದ ಹೆಂಗಿದ್ರೇನು? ಕೂತ್ಕೊ, ಉಣ್ಣು."

ಏಳು ತಲೆಮಾರಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲವಂತೆ. ಕೂತಳು, ಅಳುತ್ತಾ ಉಂಡಳು. ಉಣ್ಣುತ್ತಾ ಉಣ್ಣುತ್ತಾ ಕೈ ಬೆಚ್ಚಗಾಯಿತು. ಕೈ ತೊಳೆದು, ಹೆದರುತ್ತಾ ಹೆದರುತ್ತಾ ಕೂಸನ್ನು ಎತ್ತಿಕೊಂಡಳು. ಕೂಸು ನಡುಗಲಿಲ್ಲ. ಆಮೇಲೆ ಅದನ್ನು ತಾಯಿಯ ಮಡಿಲಿಗಿಟ್ಟು ಹೊರಟುಹೋದಳು. ಮರಕ್ಕೂ ಹೋಗಲಿಲ್ಲ, ಮತ್ತೆಲ್ಲೂ ಕಾಣಲಿಲ್ಲ. ಅಂಗಳದ ಮಣ್ಣಲ್ಲಿ ಅವಳ ಹೆಜ್ಜೆ ಮಾತ್ರ ಉಳಿದಿತ್ತಂತೆ. ಪಾದ ಹಿಂದುಮುಂದಲ್ಲವೇ, ಮನೆಯೊಳಗೆ ಬಂದವಳ ಹೆಜ್ಜೆಯ ಹಾಗೇ ಕಾಣುತ್ತಿತ್ತಂತೆ.

ಅವತ್ತಿಂದ ಆ ಊರಲ್ಲಿ ಕೂಸು ನೋಡಲು ಬಂದವರು, "ನೀನು ಹೆಂಗಿದೀಯವ್ವ, ಉಂಡ್ಯಾ?" ಅಂತ ಮೊದಲು ತಾಯಿಯನ್ನು ಕೇಳುತ್ತಾರೆ, ಆಮೇಲೆ ಕೂಸಿನ ಮುಖ ನೋಡುತ್ತಾರೆ. ಅಲ್ಲಿ ಅವರು ಬೆಚ್ಚಗಿದ್ದಾರೆ, ಇಲ್ಲಿ ನನ್ನ ಕತೆ ತಣ್ಣಗಾಯಿತು.