ಗರ್ಭಗುಡಿ ಸೇರಿದ ಫೋಟೊ

ಗದಗಿನ ಪಾತ್ರೆ ವ್ಯಾಪಾರಿ ಗುರುಸಿದ್ದಪ್ಪನವರ ವೆಬ್‌ಸೈಟ್ ತೆರೆದರೆ ಮೊದಲು ಕಾಣುತ್ತಿದ್ದುದು ಅವರೇ. ಪೇಟ, ಶಾಲು, ಹಾರ ಹಾಕಿಕೊಂಡು ಪರದೆ ತುಂಬ ನಿಂತಿರುತ್ತಿದ್ದರು. ಪಾತ್ರೆಗಳು ಎಲ್ಲೋ ಹಿಂದಿದ್ದವು.

"ಕುಕ್ಕರ್ ಅಂತ ಹುಡುಕಿದ್ರ ಎದುರಿನ ಅಂಗಡಿ ಬರತೈತಿ, ನಮ್ಮದು ಬರಂಗಿಲ್ಲ! ಈ ತಿಂಗಳದಾಗ ನಮ್ಮದ ಮೊದಲ ಬರಬೇಕು. ಇಲ್ಲಾಂದ್ರ ಬ್ಯಾರೆ ಕೆಲಸ ನೋಡ್ಕೊ," ಎಂದು ಅವರು ಕಂಪ್ಯೂಟರ್ ನೋಡಿಕೊಳ್ಳುವ ಶಿವಲೀಲಾಳ ಮೇಲೆ ಗುಡುಗಿದರು.

ಮೊದಲ ಪುಟದಿಂದ ಆ ಫೋಟೊ ತೆಗೆದುಹಾಕಿ ಎಂದಿದ್ದ ಅವಳ ಹಿಂದಿನ ಕೆಲಸಗಾರ ಅದೇ ದಿನ ಕೆಲಸ ಕಳೆದುಕೊಂಡು ಮನೆ ಸೇರಿದ್ದ. ಶಿವಲೀಲಾಗೆ ಅದು ಗೊತ್ತಿತ್ತು.

"ಸಾಹುಕಾರ್ರ, ಬಂದ ಮಂದಿ ಬಾಗಿಲದಾಗ ನಿಮ್ಮ ದರ್ಶನ ಮಾಡಿ, ಅಷ್ಟಕ್ಕ ತೃಪ್ತರಾಗಿ ವಾಪಸ್ ಹೊಂಟಾರ್ರಿ. ಯಾವ ಗುಡಿಯಾಗ ದೇವರನ್ನ ಬಾಗಿಲದಾಗ ಕೂಡಿಸ್ತಾರ? ಹೊರಗ ಹೂವು, ಕಾಯಿ ಅಂಗಡಿ. ದೇವರು ಒಳಗ, ಗರ್ಭಗುಡಿಯಾಗ."

ಗುರುಸಿದ್ದಪ್ಪ ಮೀಸೆ ಸವರಿಕೊಂಡರು. "ಖರೇ ಐತಿ. ನನ್ನ ಒಳಗ ಕೂಡಿಸು."

ಫೋಟೊ ಕೊನೆಯ ಪುಟಕ್ಕೆ ಹೋಯಿತು. ಕುಕ್ಕರ್, ಅದರ ರಿಂಗು, ಇಡ್ಲಿ ಪಾತ್ರೆಗಳೆಲ್ಲ ಮಂದಿ ಹುಡುಕುವಾಗ ಬರೆಯುವ ಹೆಸರುಗಳಲ್ಲೇ ಮೊದಲ ಪುಟಕ್ಕೆ ಬಂದವು. ತಿಂಗಳು ಮುಗಿಯುವುದರೊಳಗೆ ಹುಡುಕಿದವರಿಗೆ ಅವರ ಅಂಗಡಿಯೇ ಮೊದಲು ಕಾಣತೊಡಗಿತು. ಫೋನು ಬಿಡುವಿಲ್ಲದೆ ಬಡಿದುಕೊಂಡಿತು.

"ಮತ್ತ ಒಳಗ ದರ್ಶನಕ್ಕ ಎಷ್ಟು ಮಂದಿ ಬರ್ತಾರ?" ಸಾಹುಕಾರರು ಕೇಳಿದರು.

ಶಿವಲೀಲಾ ಪರದೆ ನೋಡಿದಳು. "ಒಬ್ಬರ ಬರ್ತಾರ್ರಿ. ದಿನಾ ತಪ್ಪಂಗಿಲ್ಲ. ನಿಮ್ಮ ಟೇಬಲ್ ಮ್ಯಾಲಿನ ಕಂಪ್ಯೂಟರಿನಿಂದನ."

ಸಾಹುಕಾರರು ಕುಕ್ಕರಿನ ಸೀಟಿಯೊಂದನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. ಆಮೇಲೆ ಗಂಭೀರವಾಗಿ ಹೇಳಿದರು:

"ಭಕ್ತರ ಹೆಸರು ಹೊರಗ ಹೇಳಬಾರದವಾ. ನಿನ್ನ ಕೆಲಸ ಖಾಯಂ."