ಗಡಿಕಲ್ಲಿನ ಕೆಳಗಿನ ನಾಲ್ಕು ಕೊಡ

"ಗುರುಗಳೇ, ಪ್ರತಿ ತುಂಡೂ ತನ್ನೊಳಗೆ ಸರಿಯಿದ್ದ ಮೇಲೆ, ಎರಡು ತುಂಡುಗಳ ನಡುವಿನ ಗೆರೆಗಾಗಿ ಬೇರೆ ಶ್ರಮಪಡಬೇಕೇ?" ಎಂದು ನಿಜಗುಣ ಕೇಳಿದ.

ಅವನು ಗಣಿತದ ಶಿಷ್ಯ. ಒಂದು ಕೆರೆಯ ಹಳೆಯ ಏರಿಯೊಳಗೆ ನೀರು ಹೇಗೆ ಜಿನುಗುತ್ತದೆ ಎಂಬ ಸಮೀಕರಣವನ್ನು ಬಿಡಿಸುತ್ತಿದ್ದ. ಏರಿ ಈ ಮಳೆಗಾಲವನ್ನು ತಾಳುತ್ತದೋ ಇಲ್ಲವೋ ಎಂದು ಅವನೇ ಹೇಳಬೇಕಿತ್ತು. ಅದಕ್ಕಾಗಿ ಲೆಕ್ಕದಲ್ಲಿ ಏರಿಯನ್ನು ಸಾವಿರ ತುಂಡು ಮಾಡಿಕೊಂಡಿದ್ದ. ಹಳೆಯ ಪದ್ಧತಿಯಲ್ಲಿ ಅಕ್ಕಪಕ್ಕದ ತುಂಡುಗಳು ಗೆರೆಯ ಮೇಲೆ ಒಂದೇ ಉತ್ತರ ಹೇಳಲೇಬೇಕು. ಗುರುಗಳು ಕಲಿಸಿದ ಪದ್ಧತಿಯಲ್ಲಿ ಆ ಕಟ್ಟುಪಾಡಿಲ್ಲ. ಆದರೆ ಪ್ರತಿ ಗೆರೆಗೂ ಅದರದೇ ಒಂದು ಅಜ್ಞಾತ ಸಂಖ್ಯೆಯನ್ನು ಕೊಟ್ಟು, ಎಲ್ಲ ಗೆರೆಗಳನ್ನೂ ಒಟ್ಟಿಗೆ ಬಿಡಿಸಬೇಕು. ಗೆರೆಯ ಈ ಕಡೆಯಿಂದ ಹೊರಟ ನೀರೆಲ್ಲ ಆ ಕಡೆ ಸೇರಿತೇ ಎಂಬುದು ಆಗಲೇ ಗೊತ್ತಾಗುವುದು. ಅದಕ್ಕೆ ಇನ್ನೊಂದು ವಾರ ಬೇಕಿತ್ತು. ನಿಜಗುಣ ಎರಡೂ ಕಡೆಯ ಉತ್ತರಗಳ ಸರಾಸರಿ ಹಾಕಿ ಕೈತೊಳೆದುಕೊಂಡಿದ್ದ. ಏರಿ ಭದ್ರವಾಗಿದೆ ಎಂಬ ವರದಿ ಬೆಳಿಗ್ಗೆಯೇ ಹೋಗಿತ್ತು. ಅದನ್ನು ಅವನು ಗುರುಗಳಿಗೆ ಹೇಳಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನ ಕೆರೆಯ ಏರಿ ಕಾಯಲು ಇಬ್ಬರು ನೀರುಗಂಟಿಗಳಿದ್ದರು. ಅವರ ಪಾಲುಗಳ ನಡುವೆ ಒಂದು ಗಡಿಕಲ್ಲು. ಒಬ್ಬನ ಪಾಲಿಗೆ ಇನ್ನೊಬ್ಬ ಕಾಲಿಡುವಂತಿಲ್ಲ, ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಅದು ಊರಿನ ಕಟ್ಟಳೆ. ಇಬ್ಬರೂ ನಿಯತ್ತಿನವರು, ಮೈಗಳ್ಳರಲ್ಲ. ಏರಿಯಿಂದ ಜಿನುಗಿದ ನೀರು ಬುಡದ ಸಣ್ಣ ಕಾಲುವೆಗೆ ಸೇರಿ, ಮೊದಲನೆಯವನ ಪಾಲಿನಿಂದ ಕಲ್ಲಿನ ಅಡಿಯಲ್ಲಿ ಹಾದು ಎರಡನೆಯವನ ಪಾಲಿಗೆ ಹರಿಯುತ್ತಿತ್ತು. ಇಬ್ಬರೂ ದಿನವೂ ಕಲ್ಲಿನ ಪಕ್ಕದಲ್ಲೇ, ತಮ್ಮ ತಮ್ಮ ಬದಿಯಲ್ಲಿ, ಅದನ್ನು ಕೊಡದಲ್ಲಿ ಅಳೆಯುತ್ತಿದ್ದರು.

ಒಂದು ಮಳೆಗಾಲ ಅಳತೆ ತಾಳೆಯಾಗಲಿಲ್ಲ. ಇಬ್ಬರೂ ಊರ ಗೌಡನ ಮುಂದೆ ನಿಂತರು.

"ನನ್ನ ಕಡೆಯಿಂದ ಗಳಿಗೆಗೆ ಹತ್ತು ಕೊಡ ಹೋಗ್ತೈತೆ, ಗೌಡ್ರೇ" ಎಂದ ಮೊದಲನೆಯವನು.

"ನನಗೆ ಬರೋದು ಆರೇ ಕೊಡ" ಎಂದ ಎರಡನೆಯವನು.

ಗೌಡ ಹೊಲದ ಬದುವಿನ ಜಗಳ ಬಿಡಿಸುವುದರಲ್ಲಿ ಪಳಗಿದವನು. ಅಲ್ಲಿ ಅರ್ಧರ್ಧ ಹಂಚಿದರೆ ಎರಡೂ ಕಡೆಯವರು ಸುಮ್ಮನಾಗುತ್ತಾರೆ. "ಎಂಟು ಅಂತ ಇಟ್ಕೊಳ್ರಪ್ಪ. ಇಬ್ಬರಿಗೂ ನ್ಯಾಯ ಆಯ್ತು" ಎಂದ. ಇಬ್ಬರೂ ತಲೆಯಾಡಿಸಿದರು. ತನ್ನ ಅಳತೆ ಸುಳ್ಳೆಂದು ಯಾರೂ ಅನ್ನಲಿಲ್ಲವಲ್ಲ, ಅವರಿಗೆ ಅಷ್ಟು ಸಾಕಿತ್ತು. ಹೋದದ್ದು ಹತ್ತು, ಬಂದದ್ದು ಆರು. ಉಳಿದ ನಾಲ್ಕು ಕೊಡ ಎಲ್ಲಿ ಹೋಯಿತೆಂದು ಆ ಮೂವರಲ್ಲಿ ಒಬ್ಬನೂ ಕೇಳಲಿಲ್ಲ.

ಗುರುಗಳು ನಿಜಗುಣನ ಕಡೆ ನೋಡದೆ ಮುಂದುವರಿಸಿದರು.

ಆ ನಾಲ್ಕು ಕೊಡ ಕಲ್ಲಿನ ಕೆಳಗೆ ಇಳಿಯುತ್ತಿತ್ತು. ಇಳಿಯುವಾಗ ಒಂದಿಷ್ಟು ಮಣ್ಣನ್ನೂ ಒಯ್ಯುತ್ತಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ ಕಲ್ಲು ಕುಸಿಯಿತು, ಹಿಂದೆಯೇ ಆ ಜಾಗದಲ್ಲಿ ಏರಿ ಒಡೆಯಿತು. ಎರಡನೆಯ ನೀರುಗಂಟಿಯ ಮನೆ ಏರಿಯ ಕೆಳಗೇ ಇತ್ತು. ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಉಣ್ಣಲು ಕೂತಿದ್ದರು. ಮೂವರ ಹೆಣವೂ ಸಿಗಲಿಲ್ಲ. ನೀರಿಳಿದ ಮೇಲೆ ಅವನು ಏರಿ ಹತ್ತಿ ನೋಡಿದ. ಅವನ ಪಾಲು ಹಾಗೆಯೇ ನಿಂತಿತ್ತು, ಮೊದಲನೆಯವನದೂ ನಿಂತಿತ್ತು. ಎರಡರಲ್ಲೂ ಒಂದು ಬಿರುಕೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ತಪ್ಪು ಯಾರದು, ಗುರುಗಳೇ?" ಎಂದು ನಿಜಗುಣ ಮೆಲ್ಲಗೆ ಕೇಳಿದ.

"ಅದಿರಲಿ. ನಿನ್ನ ಏರಿಯ ಕೆಳಗೆ ಎಷ್ಟು ಮನೆಗಳಿವೆ?"

"ವರದಿ ಬೆಳಿಗ್ಗೆಯೇ ಹೋಯಿತು, ಗುರುಗಳೇ" ಎನ್ನುತ್ತ ನಿಜಗುಣ ಅದನ್ನು ಹಿಂದಕ್ಕೆ ತರಲು ಎದ್ದು ಓಡಿದ.