ನೀರು ಎಲ್ಲಿ ಬರುತ್ತದೆ

"ತಾನು ಸಿದ್ಧನಾದೆ ಎಂದು ಒಬ್ಬನಿಗೆ ತಿಳಿಯುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಘಟ್ಟದ ಮೇಲಿನ ಒಂದು ಊರಿನವರು ತಮಗೊಬ್ಬ ಗುರು ಬೇಕೆಂದು ಕೇಳಿ ಕಳುಹಿಸಿದ್ದರು. ಗುರುಗಳು ಈ ಶಿಷ್ಯನ ಹೆಸರು ಹೇಳಿದ್ದರು. ಮರುದಿನ ಬೆಳಿಗ್ಗೆ ಹೊರಡಬೇಕು. ಆದರೆ ಶಿಷ್ಯ ಕೈಕಟ್ಟಿ ನಿಂತುಬಿಟ್ಟಿದ್ದ. "ನನ್ನಿಂದ ಆಗದು. ಯಾರಾದರೂ ಎದುರು ವಾದಿಸಿದರೆ ಸಿಟ್ಟು ನೆತ್ತಿಗೇರುತ್ತದೆ. ಹೊಗಳಿದರೆ ದಿನವೆಲ್ಲ ಅದೇ ಗುಂಗು. ಧ್ಯಾನಕ್ಕೆ ಕೂತರೆ ಎಷ್ಟೋ ಸಲ ತೂಕಡಿಸುತ್ತೇನೆ. ಇವೆಲ್ಲ ಹೋಗಲಿ, ಆಮೇಲೆ ಹೊರಡುತ್ತೇನೆ. ಈಗ ಬೇರೆ ಯಾರನ್ನಾದರೂ ಕಳುಹಿಸಿ" ಎಂದ.

"ಮೊದಲು ಕೂತುಕೋ. ನಿಂತು ಕೇಳುವ ಕತೆಯಲ್ಲ ಇದು" ಎಂದು ಗುರುಗಳು ಶುರು ಮಾಡಿದರು.

ಕಡಲ ತೀರದ ಒಂದು ಊರು. ಅಲ್ಲಿ ಒಬ್ಬ ನಾವಿಕ. ಅಪ್ಪ ಬಿಟ್ಟುಹೋದ ಸಣ್ಣದೊಂದು ಹಾಯಿಹಡಗು ಅವನಿಗಿತ್ತು. ಅಪ್ಪನ ಕಾಲದಲ್ಲಿ ಅದು ಕಡಲು ದಾಟಿ ಹೋಗಿ ಬರುತ್ತಿತ್ತು. ಮಗನ ಕೈಗೆ ಬಂದ ಮೇಲೆ ಹಂಚು, ಸೌದೆ ಹೊತ್ತುಕೊಂಡು ಹೊಳೆಯೊಳಗೇ ಓಡಾಡುತ್ತಿತ್ತು. ಹಡಗು ನಡೆಸುವ ಯಜಮಾನನಿಗೆ ಆ ಕಡೆ ತಾಂಡೇಲ ಎನ್ನುತ್ತಾರೆ. ಇವನನ್ನು ಊರವರು 'ಹೊಳೆ ತಾಂಡೇಲ' ಎಂದು ಕರೆದು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ, ಮನೆಗೆ ಹೋಗಿ ಸಂಕಟಪಡುತ್ತಿದ್ದ. ಅಪ್ಪನ ಹಡಗನ್ನು ಮತ್ತೆ ಕಡಲು ದಾಟಿಸಬೇಕು ಎಂಬುದೊಂದೇ ಅವನ ಆಸೆ.

ಆದರೆ ಆ ಊರಲ್ಲಿ ಒಂದು ಕಟ್ಟಳೆ. ದೂರ ಹೊರಡುವ ಹೊಸ ತಾಂಡೇಲನನ್ನೂ ಅವನ ಹಡಗನ್ನೂ ಊರಿನ ಹಿರಿಯ ತಾಂಡೇಲ ಬಂದು ನೋಡಬೇಕು. ಆತ ಕಡಲಲ್ಲೇ ತಲೆ ಹಣ್ಣಾದ ಮುದುಕ. ಹಡಗಿನಲ್ಲಿ ಇಬ್ಬರೇ ಕೂತು ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಒಪ್ಪಿಗೆಯಾದರೆ ಹಡಗಿನ ಮೂತಿಗೆ ತೆಂಗಿನಕಾಯಿ ಒಡೆಯುತ್ತಾನೆ. ಕಾಯಿ ಒಡೆಯದ ಹಡಗನ್ನು ಅದರಲ್ಲಿ ದುಡಿಯುವ ಒಬ್ಬ ಖಲಾಸಿಯೂ ಹತ್ತುವುದಿಲ್ಲ, ಕಾಲು ಹಿಡಿದರೂ ಹತ್ತುವುದಿಲ್ಲ. ಪ್ರಶ್ನೆ ಏನೆಂದು ಕೇಳಿಸಿಕೊಂಡವರು ಹೊರಗೆ ಬಾಯಿ ಬಿಡುವಂತಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಬೇಡ. ಕತೆ ಹೇಳುವವನನ್ನು ಯಾವ ಹಡಗಿನಿಂದಲೂ ಇಳಿಸುವವರಿಲ್ಲ.

ನಾವಿಕ ಮಳೆಗಾಲವಿಡೀ ಹಡಗನ್ನು ದಡಕ್ಕೆಳೆದು ದುಡಿದ. ಹಲಗೆಯ ಸಂದಿಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿದ. ಹಡಗಿನ ಮೈಗೆಲ್ಲ ಮೀನೆಣ್ಣೆ ಬಳಿದ. ಹೊಸ ಹಾಯಿ ಹೊಲಿಸಿದ. ಮುದುಕ ಬರುವ ದಿನ ಹಡಗನ್ನು ಹೊಳೆಗಿಳಿಸಿ ನೋಡುತ್ತಾನೆ, ತಳದಲ್ಲಿ ನೀರು! ಅಯ್ಯೋ, ಮುದುಕ ಕಂಡರೆ ಮುಗಿಯಿತು! ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಒರೆಸಿದ, ಹಿಂಡಿದ, ಮತ್ತೆ ಒರೆಸಿದ. ಮುದುಕ ಹತ್ತುವ ಹೊತ್ತಿಗೆ ಹಡಗಿನ ತಳ ಅಡಿಗೆಮನೆಯ ನೆಲದಷ್ಟು ಚೊಕ್ಕವಾಗಿತ್ತು.

ಮುದುಕ ಹಾಯಿ ನೋಡಲಿಲ್ಲ, ಹಗ್ಗ ಮುಟ್ಟಲಿಲ್ಲ. ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡೇ ಕೂತು, "ನೀರು ಎಲ್ಲಿ ಬರುತ್ತದೆ?" ಎಂದು ಕೇಳಿದ.

"ಒಂದು ತೊಟ್ಟೂ ಬರುವುದಿಲ್ಲ, ಅಜ್ಜ. ಬೇಕಾದರೆ ಕೈಯಾಡಿಸಿ ನೋಡಿ."

ಮುದುಕ ಕೈಯಾಡಿಸಲಿಲ್ಲ. ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದ ಬೈರಾಸಿನ ಕಡೆ ಒಮ್ಮೆ ನೋಡಿದ. "ಚೆನ್ನಾಗಿದೆ ಮಗಾ. ಹೊಳೆಗೆ ಸಾಕು" ಎಂದು ಕಾಯಿಯ ಸಮೇತ ಇಳಿದು ಮನೆಗೆ ನಡೆದ.

ನಾವಿಕನಿಗೆ ಮೈಯೆಲ್ಲ ಉರಿದುಹೋಯಿತು. ದಡದಲ್ಲಿ ಕಾದಿದ್ದ ಖಲಾಸಿಗಳು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಸೋರುತ್ತದೆ ಎಂದು ತಾನೇ ಮುದುಕನ ಅನುಮಾನ? ಸೋರದ ಹಾಗೆ ಮಾಡಿ ತೋರಿಸುತ್ತೇನೆ ಎಂದು ಹಠ ತೊಟ್ಟ. ಅರ್ಧ ಹಾಯಿ ಬಿಚ್ಚಿ, ಒಬ್ಬನೇ ಹಡಗನ್ನು ಅಳಿವೆಗೆ ಒಯ್ದ. ಹೊಳೆ ಕಡಲಿಗೆ ಸೇರುವ ಜಾಗ ಅದು. ಅಲೆಯ ಏಟು ಅಲ್ಲಿಂದಲೇ ಶುರು.

ಮೊದಲ ಅಲೆಗೇ ಹಾಯಿಮರದ ಬುಡದಲ್ಲಿ ನೀರು ಜಿನುಗಿತು. ಅಲ್ಲಿ ಹತ್ತಿ ತುರುಕಿದ. ಚುಕ್ಕಾಣಿಯ ಕೆಳಗೆ ಬಂತು. ಅಲ್ಲೂ ತುರುಕಿದ. ಗಾಳಿಗೆ ಹಡಗು ವಾಲಿದಾಗ ಪಕ್ಕದ ಹಲಗೆಯಲ್ಲಿ ಬಂತು. ದಿನವೂ ಹೋದ, ದಿನವೂ ನೀರು ಬಂತು. ಹಠಕ್ಕೆ ಬಿದ್ದವನು ಬಿಡುತ್ತಾನೆಯೇ? ಯಾವ ಗಾಳಿಗೆ ಎಲ್ಲಿ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಯಾವುದು ಹತ್ತಿಗೆ ಬಗ್ಗುತ್ತದೆ, ಯಾವುದನ್ನು ಸುಮ್ಮನೆ ಎತ್ತಿ ಚೆಲ್ಲುತ್ತಿರಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು. ಸೋರುವುದು ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಸಂಗತಿಯೂ ಅಲ್ಲೇ ಗೊತ್ತಾಯಿತು. ದೊಡ್ಡ ಅಲೆ ಹಿಂದಿನಿಂದ ಹಡಗನ್ನು ಎತ್ತಿದಾಗ ಅವನ ಕೈ ಚುಕ್ಕಾಣಿಯ ಮೇಲೆ ಮರಗಟ್ಟಿಹೋಗುತ್ತಿತ್ತು. ಹೊಳೆಯಲ್ಲಿ ಇಷ್ಟು ವರ್ಷ ಓಡಾಡಿದವನಿಗೆ, ತಾನು ಹೆದರುವವನು ಎಂಬುದೇ ಗೊತ್ತಿರಲಿಲ್ಲ ನೋಡು.

ಕೊನೆಗೆ ಸೋತ. ಮುದುಕನ ಮನೆಯ ಜಗಲಿಗೆ ಬಂದು ಕುಸಿದು ಕೂತ. ಕಣ್ಣು ತುಂಬಿಬಂದಿತ್ತು. "ಅಜ್ಜ, ನಿಮ್ಮ ಅನುಮಾನವೇ ಸರಿ. ಅದು ಸೋರುತ್ತದೆ" ಎಂದ. ಎಲ್ಲಿ, ಯಾವಾಗ ಸೋರುತ್ತದೆಂದು ಒಂದೂ ಬಿಡದೆ ಹೇಳಿದ. ಬೈರಾಸಿನಿಂದ ಒರೆಸಿದ್ದನ್ನೂ ಹೇಳಿದ. "ಹಡಗಿನದು ಹಾಗಿರಲಿ. ನನಗೇ ಹೆದರಿಕೆ. ದೊಡ್ಡ ಅಲೆ ಬಂದರೆ ಕೈಯೇ ಆಡುವುದಿಲ್ಲ."

"ಕೈ ಆಡದಿದ್ದಾಗ ಏನು ಮಾಡಿದೆ?"

"ಏನು ಮಾಡುವುದು? ಅಲ್ಲಿ ಬೇರೆ ಯಾರಿದ್ದರು? ಅಯ್ಯೋ ಅಮ್ಮಾ ಎಂದು ಕೂಗಿಕೊಂಡೇ ಚುಕ್ಕಾಣಿ ತಿರುಗಿಸಿದೆ. ಆಮೇಲೆ ಕೂತು ನೀರೆತ್ತಿ ಚೆಲ್ಲಿದೆ."

ಮುದುಕ ಎದ್ದು ಒಳಗೆ ಹೋದ. ಹೊರಗೆ ಬಂದಾಗ ಅವನ ಕಂಕುಳಲ್ಲಿ ತೆಂಗಿನಕಾಯಿ ಇತ್ತು. ಅಂದು ಒಡೆಯದೆ ತಂದ ಅದೇ ಕಾಯಿ. ಅಡಿಗೆಗೆ ಕೊಡದೆ ಎತ್ತಿಟ್ಟಿದ್ದ. "ಏಳು, ಖಲಾಸಿಗಳನ್ನು ಕರೆ. ದಡಕ್ಕೆ ಹೋಗೋಣ" ಎಂದ.

ನಾವಿಕ ಕಕ್ಕಾಬಿಕ್ಕಿಯಾದ. "ಸೋರುತ್ತದೆ ಎಂದೆನಲ್ಲ, ಅಜ್ಜ!"

"ಮರದ ಹಡಗು ಸೋರದೆ ಮತ್ತೇನು ಮಾಡುತ್ತದೆ, ಮಾರಾಯ? ನಿನ್ನ ಅಪ್ಪನನ್ನು ಕೇಳಿದಾಗ ಅವನು ಮೊದಲು ಹೇಳಿದ್ದೂ ಹಾಯಿಮರದ ಬುಡವನ್ನೇ."

ನಾವಿಕ ಜಗಲಿಯಲ್ಲೇ ಗಳಗಳನೆ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಖಲಾಸಿಗಳನ್ನು ಕರೆಯಲು ಓಡಿದ. ಕಾಯಿ ಒಡೆಯಿತು. ಖಲಾಸಿಗಳು ಹತ್ತಿದರು. ಆ ಹಡಗು ಹೋಗುವಾಗಲೂ ಸೋರಿತು, ಬರುವಾಗಲೂ ಸೋರಿತು. ಆದರೆ ಹೋಯಿತು, ಬಂತು. ಹೊಳೆ ತಾಂಡೇಲ ಎಂಬ ಹೆಸರನ್ನು ಊರು ಆಮೇಲೆ ಬಾಯಿಗೆ ತರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸ್ವಲ್ಪ ಗೆಲುವಾಗಿತ್ತು. "ತಿಳಿಯಿತು, ಗುರುಗಳೇ. ನಾನೂ ಕೆಲವು ಕಾಲ ನನ್ನನ್ನು ಹಾಗೆ ನೋಡಿಕೊಳ್ಳುತ್ತೇನೆ. ಆಮೇಲೆ ತಾವು ನನಗೂ ಆ ಪ್ರಶ್ನೆ ಕೇಳಿ" ಎಂದ.

ಗುರುಗಳು ನಕ್ಕರು.

"ನಾನು ಕೇಳುವ ಮೊದಲೇ ನೀರು ಬರುವ ಜಾಗಗಳನ್ನೆಲ್ಲ ತೋರಿಸಿದೆಯಲ್ಲ, ಹೋಗು, ಬುತ್ತಿ ಕಟ್ಟಿಕೋ."